ಬುಡದ ಮಾತು, ಟೊಂಗೆ ಮಾತು

ಹುರುಳಿ ಬೇಯುವ ವಾಸನೆಗೆ ನಿಮಗೆ ಸಾರು ನೆನಪಾಗಬಹುದು. ನನಗೆ ಕುದುರೆ ನೆನಪಾಗುತ್ತದೆ, ಅದರ ಬೆನ್ನಿಗೇ ನನ್ನ ಮದುವೆ. ಇವತ್ತು ಕೊತ್ತಂಬರಿ ತರಲು ಹೋದವನು ಕಟ್ಟೆಯ ಮೇಲೆ ಹರಟೆ ಹೊಡೆದು ಬರಿಗೈಲಿ ಬಂದಿದ್ದೆ. ಬಾಗಿಲಲ್ಲೇ ಆ ವಾಸನೆ ಬಡಿದು, ಚಪ್ಪಲಿ ಬಿಡುವುದನ್ನೂ ಮರೆತು ನಿಂತೆ.

ನಿಜಾಮರ ಆಳ್ವಿಕೆ ಮುಗಿದ ಮರುವರ್ಷ. ನಮ್ಮ ನಿಬ್ಬಣ ಕಲ್ಯಾಣದಿಂದ ಹುಮನಾಬಾದಿಗೆ ಬಂದಿಳಿದಿತ್ತು. ಮೆರವಣಿಗೆಗೆ ಬಿಳಿ ಕುದುರೆಯನ್ನು ಬಾಡಿಗೆಗೆ ಕೊಡುತ್ತೇನೆಂದಿದ್ದ ಅಲ್ಲಿನ ಕುದುರೆ ಚಾಚಾ ಕೆಂಪು ಕುದುರೆ ಹಿಡಿದು ನಿಂತಿದ್ದರು. ಬಿಳಿಯದರ ಕಾಲು ಉಳುಕಿತ್ತಂತೆ. ನಮ್ಮಪ್ಪನ ಸಿಟ್ಟು ನಿಮಗೆ ಗೊತ್ತಿಲ್ಲ, ನಿಮ್ಮ ಪುಣ್ಯ. ಕರಾರು ಮುರಿಯಿತು, ಬಿಳಿ ಕುದುರೆ ಬರುವವರೆಗೆ ಹೊರಡುವುದಿಲ್ಲ ಎಂದು ಹಣಮಂತನ ಗುಡಿಯ ಕಟ್ಟೆಯ ಮೇಲೆ ಕೂತುಬಿಟ್ಟ. ಮುಹೂರ್ತ ಹತ್ತಿರವಾಗುತ್ತಿತ್ತು. ಬಾಸಿಂಗ ಕಟ್ಟಿಕೊಂಡ ನನಗೆ ಜೀವವೇ ಬಾಯಿಗೆ ಬಂದಿತ್ತು. ಹುಡುಗಿಯನ್ನು ಒಮ್ಮೆ ಮಾತ್ರ ನೋಡಿದ್ದೆ. ಮನಸೋಲಲು ಆ ಒಮ್ಮೆಯೇ ಸಾಕಾಗಿತ್ತು.

ಅವಳ ಸೋದರಮಾವ ವಕೀಲರು. ಕರಾರಿನ ಒಂದೊಂದು ಮಾತಿಗೂ ಕುಲಗೋತ್ರ ಹಚ್ಚುವುದು ಅವರ ಚಟ. ಬುಡದ ಮಾತು ಮುರಿದರೆ ಕರಾರೇ ಉರುಳುತ್ತದಂತೆ. ಟೊಂಗೆ ಮಾತು ಮುರಿದರೆ ನಷ್ಟ ಕೇಳಬಹುದು, ಗಿಡ ಕಡಿಯುವಂತಿಲ್ಲ. ಇನ್ನು ಕೆಲವನ್ನು ಯಾರೂ ಬಾಯಿಬಿಟ್ಟು ಆಡಿರುವುದಿಲ್ಲ, ಆದರೂ ಆಡಿದಷ್ಟೇ ಗಟ್ಟಿ. ಸುದ್ದಿ ತಿಳಿದು ಓಡಿಬಂದರು.

“ಬೀಗರ, ಕುದುರಿ ಬುಡ, ಬಣ್ಣ ಟೊಂಗಿ. ಕಿರಾಯಿ ಒಂದೀಟು ಮುರಕೋರಿ. ಮದಿವಿ ಯಾಕ ನಿಲ್ಲಸಾಕತ್ತೀರಿ?”

ಅಪ್ಪ ಗೊಣಗುತ್ತ ಎದ್ದ. ನಾನು ಏರಿದೆ. ಹಲಗೆ ವಾದ್ಯ ಬಡಿದದ್ದೇ ತಡ, ಕುದುರೆ ನನ್ನನ್ನು ಹೊತ್ತು ಜೋಳದ ಹೊಲಕ್ಕೆ ನುಗ್ಗಿತು. ಚಾಚಾ ಹೇಗೋ ಹಿಡಿದು ನನ್ನನ್ನು ಇಳಿಸಿದರು. ಹಲಗೆಗೆ ಬೆದರಬಾರದೆಂದು ಯಾರೂ ಹೇಳಿರಲಿಲ್ಲವಲ್ಲ ಎಂದು ಅವರ ಅಳಲು.

“ಮದಿವಿ ಕುದುರಿ ಅಂದಮ್ಯಾಲ ಅದನ್ನ ಹೇಳಬೇಕೇನು ಚಾಚಾ?” ಎಂದರು ವಕೀಲರು. ಚಾಚಾ ನಕ್ಕು, ಕಿರಾಯಿಯೇ ಬೇಡವೆಂದರು.

ಅಪ್ಪ ಮತ್ತೆ ಕೂತ. ಮಗ ನಡೆದು ಹೋದರೆ ಮನೆತನದ ಮರ್ಯಾದೆ ಏನಾಗಬೇಕು? ವಕೀಲರೂ ತಲೆ ಕೆರೆದುಕೊಂಡರು. ಕುದುರೆಯಿಲ್ಲದ ವರ ನಡೆಯುತ್ತದೋ ಇಲ್ಲವೋ, ಹೆಣ್ಣಿನ ಮನೆಯಲ್ಲೇ ಕೇಳಬೇಕು ಎಂದು ಹೋದರು. ಬರುವಾಗ ಹುಡುಗಿಯದೇ ಉತ್ತರ ತಂದಿದ್ದರು. ಮಾವನ ಮಾತು ಕೇಳಿಯೇ ಬೆಳೆದವಳು.

“ಅವರು ಬರೋದು ಬುಡ ಮಾಮಾ, ಕುದುರಿ ಟೊಂಗಿ.”

ಅಪ್ಪನಿಗೂ ನಗು ಬಂತು. ನಾನು ಧೋತರ ಎತ್ತಿ ಕಟ್ಟಿ ನಡೆದೆ, ನಡೆದೆನೇನು, ಓಡಿದೆ. ಅಂಥ ಖುಷಿ ಜನ್ಮದಲ್ಲಿ ಇನ್ನೊಮ್ಮೆ ಕಂಡಿಲ್ಲ.

“ಕೊತ್ತಂಬರಿ?” ಎಂದಳು ಇವತ್ತು ಅಡುಗೆಮನೆಯಿಂದ ಅವಳೇ. ಮರೆತೆನೆಂದೆ. ಸೌಟಿನ ಸದ್ದು. ಆಮೇಲೆ ತಾಟು ಇಟ್ಟ ಸದ್ದು.

“ಬಂದೀರಲಾ, ಕೂಡ್ರಿ.”

ಈ ಬುಡದ ಧೈರ್ಯದ ಮೇಲೆ ಇಷ್ಟು ವರ್ಷ ಎಷ್ಟು ಟೊಂಗೆ ಮುರಿದಿದ್ದೇನೋ! ಚಪ್ಪಲಿ ಹೇಗೂ ಕಾಲಲ್ಲೇ ಇತ್ತು. ಕೊತ್ತಂಬರಿಗೆ ಹೊರಟೆ.