ಆಯಿಯ ಕಣ್ಣು, ನನ್ನ ಬುತ್ತಿ

ನಮ್ಮ ಆಯಿಯ ಬಲಗೈ ಬೆರಳ ತುದಿಗಳು ಕಾದ ಹಂಚಿನ ಮೇಲೆ ರೊಟ್ಟಿ ತಿರುವಿ ತಿರುವಿ ಸುಟ್ಟು ನುಣ್ಣಗಾಗಿದ್ದವು. ಆಯಿ ಎಂದರೆ ನನ್ನ ಅಪ್ಪನ ತಾಯಿ. ಲಕ್ಷ್ಮೇಶ್ವರದ ನಮ್ಮ ಮನೆಯಲ್ಲಿ ಹದಿಮೂರು ಮಂದಿ. ಎಲ್ಲರಿಗೂ ಬಿಸಿ ರೊಟ್ಟಿ, ಹರಿದದ್ದೋ ಹೊತ್ತಿದ್ದೋ ಆಕೆಗೆ. "ನನಗ ಹೊತ್ತಿದ್ದ ರೊಟ್ಟೀನ ರುಚಿ" ಎನ್ನುತ್ತಿದ್ದಳು. ನಾವೂ ನಂಬಿದೆವು. ನಂಬುವುದು ಸುಲಭವಲ್ಲವೇ!

ನಾನು ಗದಗಿನ ಕಾಲೇಜಿಗೆ ಹೋಗುತ್ತೇನೆಂದಾಗ ಅಜ್ಜ, "ಹೆಣ್ಣುಹುಡುಗಿ ದಿನಾ ಬಸ್ಸಿಗೆ ಅಡ್ಡಾಡೂದು ಬ್ಯಾಡ" ಎಂದುಬಿಟ್ಟ. ಆಯಿ ಜನ್ಮದಲ್ಲಿ ಒಮ್ಮೆ ಮಾತ್ರ ಗಂಡನಿಗೆ ಎದುರು ಮಾತಾಡಿದ್ದು ಆಗಲೇ. "ಹೋಗ್ಲಿ ಆಕಿ. ಬುತ್ತಿ ನಾ ಕಟ್ಟತೀನಿ." ಆರರ ಬಸ್ಸಿಗೆ ನಾನು ಹೊರಡುವಷ್ಟರಲ್ಲಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ ಅರಿವೆಯಲ್ಲಿ ಕಟ್ಟಿ ಇಟ್ಟಿರುತ್ತಿದ್ದಳು. ಒಂದು ದಿನವೂ ತಪ್ಪಲಿಲ್ಲ.

ಆಗಲೇ ಆಕೆಯ ಕಣ್ಣು ಮಂಜಾಗತೊಡಗಿತ್ತು. ಮೊದಲೆಲ್ಲ "ಹುಬ್ಬಳ್ಳಿ ದೂರ" ಎಂಬ ನೆಪವಿತ್ತು. ಗದಗ ಹೊಸ ಜಿಲ್ಲೆಯಾಗಿ ಅಲ್ಲೇ ಕಣ್ಣಿನ ದವಾಖಾನೆ ಬಂದ ಮೇಲೆ ಆ ನೆಪವೂ ಹೋಯಿತು. ನಾವು ಬೇರೆ ಹುಟ್ಟಿಸಿದೆವು: ಚಿಕ್ಕಮ್ಮನ ಬಾಣಂತನ, ಸುಗ್ಗಿ, ಶ್ರಾವಣ. ಒಂದು ಬೆಳಿಗ್ಗೆ ಆಯಿ ತಾನೇ ಒಳ್ಳೆಯ ಸೀರೆ ಉಟ್ಟು ನಿಂತಳು. "ಯವ್ವಾ, ನಿನ್ನ ಕೂಡ ಬಸ್ಸಿಗೆ ಬರ್ಲೇನು?"

"ಈಗ ಬ್ಯಾಡ ಆಯಿ, ನನ್ನ ಪರೀಕ್ಷಿ ಮುಗೀಲಿ. ದವಾಖಾನಿಯಾಗ ಕುಂತ್ರ ನಾ ಓದೂದು ಯಾವಾಗ?"

"ಖರೆ ಬಿಡು" ಎಂದು ಸೀರೆ ಮಡಚಿಟ್ಟು ಮತ್ತೆ ಒಲೆಯ ಮುಂದೆ ಕುಳಿತಳು. ನನ್ನ ಕಾಲೇಜಿಗೆ ಆ ದವಾಖಾನೆ ಕೂಗಳತೆಯಲ್ಲಿತ್ತು.

ಪರೀಕ್ಷೆ ಮುಗಿಯಿತು, ನಾನು ಮರೆತೆ. ಸುಟ್ಟ ಬೊಬ್ಬೆಗಳು ಆಕೆಯ ಬೆರಳಿನಿಂದ ಮಣಿಕಟ್ಟಿನವರೆಗೆ ಏರಿದವು. ಎಲ್ಲರೂ ಕಂಡೆವು, ಯಾರೂ ಕೇಳಲಿಲ್ಲ. ರೊಟ್ಟಿ ದುಂಡಗಿದ್ದವಲ್ಲ! ಬಡಿಯುವ ಸಪ್ಪಳದಿಂದಲೇ ಅಳತೆ ತಿಳಿಯುತ್ತಿದ್ದಳೆಂದು ನಮಗೆ ಗೊತ್ತಾದದ್ದು ಆಮೇಲೆ.

ಎರಡು ವರ್ಷ ಕಳೆದು ಒಂದು ರಜೆಯ ದಿನ, ಚೇಷ್ಟೆಗೆಂದು ಸದ್ದು ಮಾಡದೆ ಆಕೆಯ ಎದುರು ಹೋಗಿ ನಿಂತೆ. ಒಂದು ಮೊಳ ದೂರ. ಆಕೆ ಗೋಡೆಯ ಕಡೆ ಮುಖ ಮಾಡಿ, "ಯಾರದು? ಮಾತಾಡ್ರಿ" ಎಂದಳು.

"ಆಯಿ, ನಾನು!"

"ನೀನೇನು? ಬೆಳಕು ಕಡಿಮಿ ಐತಿ ನೋಡವಾ" ಎಂದು ನಕ್ಕಳು. ಅಂಗಳದಲ್ಲಿ ಹನ್ನೆರಡರ ಬಿಸಿಲು ಸುಡುತ್ತಿತ್ತು.

ಮರುದಿನವೇ ಕರೆದುಕೊಂಡು ಹೋದೆ. ಕಣ್ಣಿನ ನರ ಒಣಗಿದೆ, ಎರಡು ವರ್ಷ ಮೊದಲು ಬಂದಿದ್ದರೆ ಉಳಿಯುತ್ತಿತ್ತು ಎಂದು ಡಾಕ್ಟರು ನನ್ನನ್ನು ಗದರಿದರು. ಆಯಿ ಅಡ್ಡ ಬಂದಳು. "ಆಕಿಗೆ ಬೈಬ್ಯಾಡ್ರಿ ಸಾಹೇಬ್ರ. ನನಗ ಪುರಸೊತ್ತು ಸಿಗಲಿಲ್ರಿ." ಮನೆಗೆ ಬಂದವಳೇ ಗೋಡೆ ತಡವುತ್ತ ಒಲೆಯತ್ತ ಹೋದಳು. ನಾವು ಮಾನಗೆಟ್ಟವರು ಅಂದೂ ಆಕೆ ಬಡಿದ ರೊಟ್ಟಿಯನ್ನೇ ತಿಂದೆವು.

ಆಕೆ ತೀರಿಕೊಂಡಾಗ ಬಂದವರೆಲ್ಲ, "ಪುಣ್ಯವಂತಿ, ಕಡೀತನಕ ದುಡದು ಉಣಿಸಿದ್ಲು" ಎಂದರು. ಪುಣ್ಯವಂತಿಯಂತೆ! ಆ ಪುಣ್ಯವನ್ನು ತಿಂದು ತೇಗಿದವರು ನಾವು. ಅದರ ಮೇಲೆಯೇ ನಾನು ಓದಿ ಟೀಚರಾದೆ.

ಗೋಡೆಗೆ ಹಾಕಲು ಇದ್ದ ಒಂದೇ ಫೋಟೋದಲ್ಲಿ ಆಯಿಯ ಕಣ್ಣು ಮಬ್ಬಾಗಿದ್ದವು. ಅಪ್ಪ ಸ್ಟುಡಿಯೋದವನಿಗೆ ಹೇಳಿ ಎರಡನ್ನೂ ಕಪ್ಪಗೆ, ಹೊಳೆಯುವಂತೆ ತಿದ್ದಿಸಿ ತಂದ. ಗದಗಿನಲ್ಲೇ, ಒಂದೇ ದಿನದಲ್ಲಿ ಆಯಿತು ಆ ಕೆಲಸ. ಈಗ ನಾನು ಮನೆಯ ಯಾವ ಮೂಲೆಯಲ್ಲಿ ನಿಂತರೂ ಆಯಿ ನನ್ನನ್ನೇ ನೋಡುತ್ತಾಳೆ.