ಸಿಟ್ಟಿನ ಹಾಳೆ ಖಾಲಿ ಬಂದಾಗ

ದಾನೇಶ್ವರಿಯ ಮೇಲೆ ಮೂರನೇ ದೂರು ಬಂದ ದಿನ ವಾರ್ಡನ್ ಮೇಡಂ ನನ್ನ ಟೇಬಲ್ ಮೇಲೆ ಕಾಗದ ಇಟ್ಟು ಹೇಳಿದರು, "ಇದ ಕಡೀದ್ರಿ. ನೀವು ತಿಳಿಸಿ ಹೇಳ್ರಿ. ಆಗಲಿಲ್ಲಂದ್ರ ಮುಂದಿನ ತಿಂಗಳ ಮೀಟಿಂಗಿನ್ಯಾಗ ಅಕೀನ ಹಾಸ್ಟೆಲ್ ಬಿಡಸ್ತೇನಿ."

ನಾನು ಜಮಖಂಡಿಯ ಒಂದು ಪಿಜಿ ಸೆಂಟರಿನಲ್ಲಿ ವಿದ್ಯಾರ್ಥಿಗಳ ಕೌನ್ಸೆಲರ್. ದಾನೇಶ್ವರಿ ಬನಹಟ್ಟಿಯ ನೇಕಾರರ ಮನೆಯ ಹುಡುಗಿ, ಎಂ.ಎ. ಮೊದಲ ವರ್ಷ. (ಹೆಸರು ಬದಲಿಸಿದ್ದೇನೆ. ಬರೆಯಲಾ ಎಂದು ಕೇಳಿದ್ದಕ್ಕೆ "ಜೋರಾಗೇ ಬರೀರಿ" ಎಂದಿದ್ದಾಳೆ.)

ಹಾಸ್ಟೆಲ್ ತಪ್ಪಿದರೆ ಅವಳು ಮನೆಗೆ ಹೋಗಬೇಕು. ಮನೆಗೆ ಹೋದರೆ ಮಗ್ಗದ ಕಂಡಿಕೆಗೆ ನೂಲು ಸುತ್ತುವುದರಲ್ಲೇ ದಿನ ಮುಗಿಯುತ್ತದೆ, ಓದು ಅಲ್ಲಿಗೇ ನಿಂತಂತೆ.

ದೂರುಗಳೆಲ್ಲ ಒಂದೇ ಥರ. ರೂಮಿನಲ್ಲಿ ಕಿರುಚುತ್ತಾಳೆ. ಫೋನಿನಲ್ಲಿ ಜಗಳವಾಡುತ್ತಾಳೆ. ಈಗ ಮೆಸ್ಸಿನ ಕಿಟಕಿಯಲ್ಲಿ ಅಡುಗೆಯವರ ಮೇಲೆ ಒದರಿದ್ದಾಳೆ.

ನಾನು ಓದಿಕೊಂಡವಳಲ್ಲವೇ... ತಕ್ಷಣ ಫೈಲಿನಲ್ಲಿ "ಆ್ಯಂಗರ್ ಇಶ್ಯೂ" ಅಂತ ಬರೆದೆ. ಅವಳ ಕೈಗೊಂದು ಹಾಳೆ ಕೊಟ್ಟು, ಸಿಟ್ಟು ಬಂದಾಗಲೆಲ್ಲ ಹೊತ್ತು, ಕಾರಣ ಬರೆದುಕೊಂಡು ಬಾ ಎಂದೆ.

ಮುಂದಿನ ವಾರ ಹಾಳೆ ಖಾಲಿ ಬಂತು. ಅದರ ಮುಂದಿನ ವಾರವೂ ಖಾಲಿ.

"ಸಿಟ್ಟ ಬಂದಿಲ್ರಿ ಮೇಡಂ. ಏನಂತ ಬರೀಲಿ?"

ಆ ದನಿಗೆ ಪಕ್ಕದ ರೂಮಿನ ಕ್ಲರ್ಕ್ ಬಂದು ಬಾಗಿಲಲ್ಲಿ ಇಣುಕಿ ಹೋದರು. ನಾನು ಫೈಲಿನಲ್ಲಿ ಇನ್ನೊಂದು ಸಾಲು ಸೇರಿಸಿದೆ: ತನ್ನ ಸಿಟ್ಟನ್ನು ಒಪ್ಪಿಕೊಳ್ಳುತ್ತಿಲ್ಲ.

ಈಗ ನೆನೆಸಿಕೊಂಡರೆ ನಗು ಬರುತ್ತದೆ, ನಾಚಿಕೆಯೂ ಆಗುತ್ತದೆ.

ಉಸಿರು ಎಳೆದುಕೋ, ಹತ್ತು ಎಣಿಸು, ಮೆಲ್ಲಗೆ ಮಾತಾಡು ಎಂದೆಲ್ಲ ಕಲಿಸಿದೆ. ತಿಂಗಳಾಗುವಷ್ಟರಲ್ಲಿ ಹುಡುಗಿ ತಣ್ಣಗಾದಳು. ಕ್ಲಾಸಿನಲ್ಲಿ ಮಾತಿಲ್ಲ, ಮೆಸ್ಸಿನಲ್ಲಿ ಮಾತಿಲ್ಲ. "ಉತ್ತಮ ಸುಧಾರಣೆ" ಅಂತ ಬರೆದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೀಟಿಂಗಿಗೆ ಮುಂಚೆ ಮನೆಯವರನ್ನೂ ಒಮ್ಮೆ ಕಾಣಬೇಕಿತ್ತು. ಒಂದು ಮಧ್ಯಾಹ್ನ ಬನಹಟ್ಟಿಗೆ ಹೋದೆ.

ಮುಂದಿನ ಕೋಣೆಯಲ್ಲೇ ಎರಡು ಪವರ್‌ಲೂಮ್. ಖಟಾಖಟ್ ಖಟಾಖಟ್... ಚಪ್ಪಲಿ ಬಿಡುವ ಮೊದಲೇ ಕಿವಿ ತುಂಬಿತು. ಅವಳ ತಾಯಿ ಎದುರಿಗೆ ಬಂದು ಏನೋ ಕೂಗಿದರು. ಬೈಯುತ್ತಿದ್ದಾರೆ ಅಂದುಕೊಂಡು ಎರಡು ಹೆಜ್ಜೆ ಹಿಂದೆ ಸರಿದೆ. ನೋಡಿದರೆ ಮುಖದ ತುಂಬ ನಗು, ಕೈಯಲ್ಲಿ ನೀರಿನ ತಂಬಿಗೆ.

"ಬರ್ರಿ ಅಕ್ಕಾರ, ಒಳಗ ಬರ್ರಿ!"

ನಾನು ಹೇಳಿದ್ದು ಯಾರಿಗೂ ಕೇಳಲಿಲ್ಲ. ಚಹಾ ಬರುವಷ್ಟರಲ್ಲಿ ಕರೆಂಟ್ ಹೋಯಿತು, ಮಗ್ಗ ನಿಂತವು. ತಾಯಿಯ ದನಿ ಮಾತ್ರ ಇಳಿಯಲಿಲ್ಲ. ಅದೇ ಎತ್ತರದಲ್ಲಿ ಮಗಳ ಊಟ, ನಿದ್ದೆ ಎಲ್ಲ ವಿಚಾರಿಸಿದರು.

ಮಾಮೂಲಿ ಮಾತೇ ಇಷ್ಟು ಜೋರಾದರೆ, ಈ ಮನೆಯಲ್ಲಿ ಸಿಟ್ಟು ಬಂದಾಗ ಇನ್ನು ಹೇಗೆ? ಕೇಳಿಯೇಬಿಟ್ಟೆ.

ಅವರು ನಕ್ಕರು. "ಸಿಟ್ಟ ಬಂದ್ರ ಯಾರ್ ಒದರ್ತಾರ್ರಿ? ಈ ಮಗ್ಗದಾಗ ಯಾರಿಗಿ ಕೇಳತೈತಿ? ಸಿಟ್ಟ ಬಂದ್ರ ನಾವು ಸುಮ್ಮನಾಗಿಬಿಡ್ತೇವ್ರಿ."

ಚಹಾ ಕೆಳಗಿಟ್ಟೆ. ಇಷ್ಟು ದಿನದಿಂದ ಸುಮ್ಮನಿದ್ದಾಳಲ್ಲ ಹುಡುಗಿ... ನಾನು ಸುಧಾರಣೆ ಅಂತ ಬರೆದದ್ದು ಅವಳ ಸಿಟ್ಟನ್ನು. ಅದೂ ನನ್ನ ಮೇಲಿನ ಸಿಟ್ಟು!

ನಾನು ದೂರದ ಊರಿನಿಂದ ಬಂದವಳಾಗಿದ್ದರೆ ಒಂದು ನೆಪವಾದರೂ ಇರುತ್ತಿತ್ತು. ನಾನು ಮುಧೋಳದವಳು. ನಮ್ಮದು ಮಾಸ್ತರರ ಮನೆ, ಅಪ್ಪ ಪೇಪರ್ ಓದುವಾಗ ಗಡಿಯಾರದ ಸದ್ದು ಕೇಳುತ್ತಿತ್ತು. ಬೇರೆ ರಾಜ್ಯದ ಹುಡುಗರು ಬಂದರೆ ಇವರ ಮನೆಯ ರೀತಿ ಬೇರೆ ಇರಬಹುದು ಎಂದು ಎಚ್ಚರದಿಂದ ಇರುತ್ತಿದ್ದೆ. ಪಕ್ಕದ ತಾಲೂಕಿನವರ ವಿಷಯದಲ್ಲಿ ಅದು ಹೊಳೆಯಲೇ ಇಲ್ಲ.

ಮರುದಿನ ದಾನೇಶ್ವರಿಯನ್ನು ಕರೆದು, ತಪ್ಪು ನನ್ನದು ಎಂದೆ.

"ಹಂಗಾರ ಮೀಟಿಂಗಿನ್ಯಾಗ ನನ್ನ ದನೀಲೇ ಮಾತಾಡ್ಲೇನ್ರಿ?"

"ನಿನ್ನ ದನೀಲೇ ಮಾತಾಡವಾ."

ಮೀಟಿಂಗಿನಲ್ಲಿ ಮಾತಾಡಿದಳು ನೋಡಿ! ಅವಳ ರೂಮ್‌ಮೇಟ್ ತ್ರಿಶಲಾ ತೇರದಾಳದ ಜೈನರ ಹುಡುಗಿ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಮೆಸ್ಸಿನ ಊಟ ಎಂಟಕ್ಕೆ. ಸಂಕೋಚದ ಹುಡುಗಿ, ಯಾರಿಗೂ ಹೇಳದೆ ಸಂಜೆ ಚುರುಮುರಿ ತಿಂದು ದಿನ ತಳ್ಳುತ್ತಿದ್ದಳಂತೆ. ಅವಳಿಗೆ ಬೇಗ ಊಟ ಕೊಡಿ ಎಂದು ಕೇಳಲು ದಾನೇಶ್ವರಿ ಮೆಸ್ಸಿನ ಕಿಟಕಿಗೆ ಹೋಗಿದ್ದಳು.

ಆ ಮೂರನೇ ದೂರು ಇದು. ಎಷ್ಟು ಜೋರಾಗಿ ಒದರಿದಳು ಎಂದು ಎಲ್ಲರೂ ಕೇಳಿದ್ದೆವು, ಏನು ಒದರಿದಳು ಎಂದು ನಾನೂ ಕೇಳಿರಲಿಲ್ಲ.

ತ್ರಿಶಲಾ ಎದ್ದು ನಿಂತಳು. "ಅಕಿ ಒದರಿದ್ದು ನನ್ನ ಸಲುವಾಗಿರಿ. ಅಕೀನ ಬಿಡಸೂದಿದ್ರ ನನ್ನೂ ಬಿಡಸ್ರಿ."

ವಾರ್ಡನ್ ಮೇಡಂ ದೂರಿನ ಕಾಗದ ಮಡಚಿ ಬ್ಯಾಗಿಗೆ ಹಾಕಿಕೊಂಡರು. "ಮೊದಲ ನನ್ನ ಮುಂದ ಹೇಳಬಾರದೇನವಾ," ಎಂದರು, ಮೆಲ್ಲಗೆ.

ದಾನೇಶ್ವರಿ ಹಾಸ್ಟೆಲ್ಲಿನಲ್ಲೇ ಇದ್ದಾಳೆ. ತ್ರಿಶಲಾ ಮತ್ತು ಅವಳಂಥ ಇನ್ನೂ ಮೂವರಿಗೆ ಈಗ ಐದೂವರೆಗೇ ಊಟ ಸಿಗುತ್ತದೆ. ಫೈಲಿನಲ್ಲಿ ನಾನು ಬರೆದಿದ್ದನ್ನೆಲ್ಲ ಹೊಡೆದು ಹಾಕಿ, ತಪ್ಪು ಕೌನ್ಸೆಲರದು ಎಂದು ಬರೆದು ಸಹಿ ಮಾಡಿದ್ದೇನೆ.

ಮೊನ್ನೆ ಅವಳ ಸೆಮಿನಾರ್ ಇತ್ತು. ನಾನು ಅಂಗಳದ ಆಚೆ ನನ್ನ ರೂಮಿನಲ್ಲಿ ಕೂತಿದ್ದೆ, ಒಂದೊಂದು ಮಾತೂ ಸ್ಪಷ್ಟವಾಗಿ ಕೇಳುತ್ತಿತ್ತು. ಕ್ಲರ್ಕ್ ಬಂದು ಬಾಗಿಲು ಹಾಕಲು ಹೊರಟರು.

ಬೇಡ್ರಿ, ತೆಗೆದೇ ಇರಲಿ ಎಂದೆ. ಎಂಥ ಹೆಮ್ಮೆ ಅನ್ನಿಸಿತು ಗೊತ್ತಾ...

ಈಗ ಹೊಸದಾಗಿ ಬರುವ ಪ್ರತಿಯೊಬ್ಬರಿಗೂ ನಾನು ಮೊದಲು ಕೇಳುವುದನ್ನೇ ನಿಮಗೂ ಕೇಳುತ್ತೇನೆ: ನಿಮ್ಮ ಮನೆಯಲ್ಲಿ ಸಿಟ್ಟು ಬಂದರೆ ಏನು ಮಾಡುತ್ತಾರೆ?