ಮೇಷ್ಟ್ರು ಅಳಿಸಿದ ಹನ್ನೊಂದು ನಿಮಿಷ

ಮೇಷ್ಟ್ರ ಎಡಗಣ್ಣು ಸದಾ ಅರ್ಧ ಮುಚ್ಚಿರುತ್ತಿತ್ತು. ವರ್ಷಗಟ್ಟಲೆ ಬಲಗಣ್ಣನ್ನು ಕ್ಯಾಮೆರಾಕ್ಕೆ ಒತ್ತಿ ಒತ್ತಿ ಎಡಗಣ್ಣಿನ ರೆಪ್ಪೆ ಇಳಿಬಿದ್ದುಹೋಗಿತ್ತು. ಊಟಕ್ಕೆ ಕೂತಾಗಲೂ, ಬಸ್ಸಿಗೆ ಕಾಯುವಾಗಲೂ ಯಾರಿಗೋ ಗುರಿಯಿಟ್ಟವರ ಹಾಗೆ ಕಾಣುತ್ತಿದ್ದರು.

ನಾವು ಮೇಷ್ಟ್ರು ಅನ್ನುತ್ತಿದ್ದರೂ ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಕೂಟಗಲ್ ಕಡೆಯ ಒಕ್ಕಲು ಮನೆತನದವರು. ದೂರ ಹೋಗಿ ಸಿನಿಮಾ ಕಲಿತು, ಕತೆಯಿಲ್ಲದ ಚಿತ್ರವನ್ನೇ ಮಾಡುತ್ತೇನೆಂದು ಹಠ ಹಿಡಿದು ವಾಪಸು ಬಂದವರು. ರಾಮನಗರದಲ್ಲಿ ಬಾಗಿಲು ಹಾಕಿದ್ದ ಒಂದು ರೇಷ್ಮೆ ಶೆಡ್ಡಿನ ಕಿಟಕಿಗಳಿಗೆ ಕಪ್ಪು ಟಾರ್ಪಾಲು ಹೊಡೆದು, ಭಾನುವಾರ ಮಧ್ಯಾಹ್ನ ನಮಗೆ ಚಿತ್ರ ತೋರಿಸುತ್ತಿದ್ದರು. ಎಂಟು ಹತ್ತು ಜನ ಸೇರುತ್ತಿದ್ದೆವು. ಚನ್ನಪಟ್ಟಣದ ಗೊಂಬೆ ಕೆಲಸದವನೊಬ್ಬ ಹಳೆಯ ರೀಲಿನ ಮೇಲೆ ಅರಗಿನ ಬಣ್ಣ ಬಳಿದು ತಂದಿದ್ದ. ಪ್ರೊಜೆಕ್ಟರಿನ ಬಿಸಿಗೆ ಬಣ್ಣ ಕರಗಿ ಪರದೆಯ ತುಂಬ ಹರಿದಾಗ ಮೇಷ್ಟ್ರು ಮಗುವಿನ ಹಾಗೆ ನಕ್ಕಿದ್ದರು. ಅವರು ಹಾಗೆ ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಕನಕಪುರದ ಲೆಕ್ಚರರ್ ಒಬ್ಬರು ತಮ್ಮ ತಾಯಿಯ ಕೊನೆಯ ದಿನಗಳ ಚಿತ್ರ ತಂದರು. ಮೇಷ್ಟ್ರು ಪೂರ್ತಿ ನೋಡಿ, "ನಿಮ್ಮವ್ವ ಸತ್ತಿದ್ದಕ್ಕೆ ನಾವ್ಯಾಕ್ರೀ ಅರ್ಧ ಗಂಟೆ ಸಾಯ್ಬೇಕು?" ಅಂದರು. ನಾವೆಲ್ಲ ನಕ್ಕೆವು. ಲೆಕ್ಚರರೂ ನಕ್ಕರು. ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದರು. ನಮ್ಮ ಕೂಟ ಅಂಥದ್ದು. ಬೈಸಿಕೊಂಡವನಿಗೇ ಅಲ್ಲಿ ಗೌರವ.

ನಾನು ಮದುವೆ ವಿಡಿಯೊ ತೆಗೆಯುವವನು. ನನ್ನ ಕೆಲಸ ನೋಡಿ ಅವರು ಮೊದಲ ದಿನವೇ ಹೇಳಿದ್ದರು: "ಹೆಣ್ಣಿನ ಒಡವೆ ನೋಡಿದ್ದೀಯ ಕಣ್ಲಾ, ಹೆಣ್ಣನ್ನ ನೋಡೇ ಇಲ್ಲ." ಆ ಮಾತು ಎಷ್ಟು ನಿಜವಾಗಿತ್ತೆಂದರೆ, ಅವತ್ತಿನಿಂದ ಅವರ ಹಿಂದೆಯೇ ಕ್ಯಾಮೆರಾ ಹೊತ್ತು ತಿರುಗಿದೆ.

ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಹೆಂಗಸಿನ ಕೈಗಳನ್ನು ಒಂದೇ ಶಾಟಿನಲ್ಲಿ ಹನ್ನೊಂದು ನಿಮಿಷ ತೋರಿಸಬೇಕೆಂದು ಅವರಿಗೆ ಆಸೆಯಿತ್ತು. ನಮ್ಮ ಬೀದಿಯಲ್ಲೇ ಇದ್ದ, ಇಪ್ಪತ್ತು ವರ್ಷದಿಂದ ಅದೇ ಕೆಲಸ ಮಾಡುತ್ತಿದ್ದ ಒಬ್ಬ ಹೆಂಗಸನ್ನು ಒಪ್ಪಿಸಿದವನು ನಾನು. ಗೂಡು ಬೇಯುವ ಬಿಸಿನೀರಿನಲ್ಲಿ ಎಳೆ ಹುಡುಕಬೇಕು. ಪಕ್ಕದಲ್ಲಿ ತಣ್ಣೀರಿನ ಬಟ್ಟಲು ಇಟ್ಟುಕೊಂಡು, ಆಗಾಗ ಬೆರಳು ಅದ್ದಿ ಮತ್ತೆ ಕೆಲಸಕ್ಕೆ ಇಳಿಯುವುದು ಆಕೆಯ ಪದ್ಧತಿ.

"ಆ ಬಟ್ಟಲು ತೆಗಿ," ಅಂದರು ಮೇಷ್ಟ್ರು.

"ಅದಿಲ್ದಿದ್ರೆ ಕೈ ತಡಿಯಾಕಿಲ್ಲ ಸಾ," ಅಂದಳು ಆಕೆ.

"ಹನ್ನೊಂದೇ ನಿಮಿಷ ಕಣಮ್ಮ. ಕೈ ಆಚೆ ತೆಗೀಬ್ಯಾಡ."

ಬಟ್ಟಲು ತೆಗೆದವನು ನಾನೇ. ಐದನೆಯ ನಿಮಿಷಕ್ಕೆ ಆಕೆಯ ತುಟಿ ನಡುಗತೊಡಗಿತು. ಎಂಟನೆಯದಕ್ಕೆ ಕಣ್ಣೀರು ಗದ್ದದಿಂದ ತೊಟ್ಟಿಕ್ಕಿತು. ಮುಖ ಫ್ರೇಮಿನ ಆಚೆ ಇತ್ತು. ಮೇಷ್ಟ್ರು ಒಂದು ಸಲವೂ ಆ ಕಡೆ ತಿರುಗಲಿಲ್ಲ. ಬೆರಳುಗಳು ಮಾತ್ರ ತಪ್ಪದೆ ಎಳೆ ಹಿಡಿಯುತ್ತಿದ್ದವು. ಮುಗಿದ ಮೇಲೆ ಆಕೆ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ನೆಲಕ್ಕೆ ಕುಸಿದಳು. ಮೇಷ್ಟ್ರು ನನ್ನನ್ನು ಕೇಳಿದ್ದು ಒಂದೇ: "ಫೋಕಸ್ ಹೋಗ್ನಿಲ್ಲ ತಾನೇ?"

ಒಂದು ತುಣುಕು ನೋಡಿಯೇ ಹೊರದೇಶದ ಒಂದು ಉತ್ಸವದವರು ಚಿತ್ರವನ್ನು ಆರಿಸಿಕೊಂಡರು. ಪೂರ್ತಿ ಚಿತ್ರ ಕಳಿಸುವ ಮೊದಲು ಕೂಟದಲ್ಲಿ ತೋರಿಸಿದಾಗ ನಾನು ಆಕೆಯನ್ನೂ ಕರೆದುಕೊಂಡು ಹೋದೆ. ಸುಟ್ಟ ಗಾಯ ಇನ್ನೂ ಪೂರ್ತಿ ಮಾಗಿರಲಿಲ್ಲ. ಪರದೆಯ ಮೇಲೆ ಹಬೆಯೊಳಗಿಂದ ಚಿನ್ನದ ಬಣ್ಣದ ಬೆರಳುಗಳು ಏಳುತ್ತಿದ್ದವು. ಎಲ್ಲರೂ ಎದ್ದುನಿಂತು ಚಪ್ಪಾಳೆ ಹೊಡೆದರು. ಮೇಷ್ಟ್ರು ಆಕೆಯ ಅಭಿಪ್ರಾಯ ಕೇಳಿದರು.

"ಚೆಂದಾಗೈತೆ ಸಾ," ಅಂದಳು. "ನನ್ ಕೈ ಇಷ್ಟ್ ಚೆಂದಾಗೈತೆ ಅಂತ ಗೊತ್ತೇ ಇರ್ನಿಲ್ಲ. ಉರಿಯೊಂದು ಕಾಣಾಕಿಲ್ಲ, ಅಷ್ಟೇಯ."

ಮೇಷ್ಟ್ರು ಎದ್ದರು. ಹೋಗಿ ಕಂಪ್ಯೂಟರಿನ ಮುಂದೆ ಕೂತರು. "ಆಯಮ್ಮ ಹೇಳಿದ್ದು ಸರಿ. ಇದು ಬರೀ ಅಲಂಕಾರ," ಎನ್ನುತ್ತ, ಇದ್ದ ಎರಡೂ ಹಾರ್ಡ್ ಡಿಸ್ಕಿನಿಂದ ಚಿತ್ರವನ್ನು ನಮ್ಮ ಕಣ್ಣೆದುರೇ ಅಳಿಸಿಬಿಟ್ಟರು. ಲೆಕ್ಚರರ ಕಣ್ಣಲ್ಲಿ ಭಕ್ತಿಯ ನೀರು.

ಏನು ನಡೆಯಿತೆಂದು ಆಕೆಗೆ ತಿಳಿಯಲಿಲ್ಲ. ನನ್ನನ್ನು ಕೇಳಿದಳು. ಹೇಳಿದೆ.

"ಅಳಿಸ್ಬುಟ್ರಾ?" ಅಂದಳು. "ಹಂಗಾರೆ ನನ್ ಕೈ ಬೆಂದಿದ್ದು?"

ಮೇಷ್ಟ್ರು ವೈರುಗಳನ್ನು ಸುತ್ತಿಡುತ್ತಿದ್ದರು. ಕೇಳಿಸಿರಲೇಬೇಕು. ತಲೆಯೆತ್ತಲಿಲ್ಲ. ಆಕೆ ಒಬ್ಬಳೇ ನಡೆದು ಹೋದಳು. ಅಂದಿನಿಂದ ನಾನು ಎದುರು ಬಂದರೆ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಾಳೆ.

ಮೇಷ್ಟ್ರು ಹೋದ ವರ್ಷ ತೀರಿಕೊಂಡರು. ಕೂಟದವರೆಲ್ಲ ಅವರ ಮನೆಗೆ ಬಂದಿದ್ದರು. ತನ್ನ ಅತ್ಯುತ್ತಮ ಚಿತ್ರವನ್ನು ತಾನೇ ಅಳಿಸಿದ ನಿಷ್ಠುರ ಕಲಾವಿದ ಎಂದು ಒಬ್ಬರಾದ ಮೇಲೊಬ್ಬರು ಕೊಂಡಾಡಿದರು. ಆ ಹೆಂಗಸಿನ ಮಾತು ಯಾರ ಬಾಯಲ್ಲೂ ಬರಲಿಲ್ಲ. ನಾನೂ ಎತ್ತಲಿಲ್ಲ.

ಒಳಗೆ ಹೆಣದ ಪಕ್ಕ ಅವರ ಹೆಂಡತಿ ಕೂತಿದ್ದರು. ಮೇಲಿನ ಗಾಜಿನ ಹಂಚಿನಿಂದ ಬಿಸಿಲು ಅವರ ಕೆನ್ನೆಯ ಮೇಲೆ ಓರೆಯಾಗಿ ಇಳಿದಿತ್ತು. ಅಳುವಿಗೆ ಕುತ್ತಿಗೆಯ ನರ ಎದ್ದು ನಿಂತಿತ್ತು. ನಾನು ಅಳುತ್ತಲೇ ಇದ್ದೆ. ಆದರೆ ಕಾಲು ತನಗೆ ತಾನೇ ಅರ್ಧ ಹೆಜ್ಜೆ ಎಡಕ್ಕೆ ಸರಿಯಿತು. ಅಲ್ಲಿಂದ ಇನ್ನೂ ಚೆನ್ನಾಗಿ ಕಾಣುತ್ತಿತ್ತು.

ಅವರು ತಲೆಯೆತ್ತಿ ನನ್ನ ಕಾಲನ್ನು ನೋಡಿದರು, ಆಮೇಲೆ ಮುಖವನ್ನು.

"ಬೆಳಕು ಸರಿಯಾಗಿ ಬಿದ್ದೈತೇನಪ್ಪ?" ಅಂದರು.

ನಾನು ಆಚೆ ಹೋಗಿ, ಜನ ಬಿಟ್ಟಿದ್ದ ಚಪ್ಪಲಿಗಳ ನಡುವೆ ಕೂತುಬಿಟ್ಟೆ.